ಸವಳಂಗದ ನಾನೂರು ಪತ್ರಿಕೆ

ನಡುಮನೆಯ ಮೇಜು ಆರಡಿ ಉದ್ದ, ಮೂರಡಿ ಅಗಲ ಇತ್ತು. ನ್ಯಾಮತಿಯ ನಮ್ಮ ಮನೆಗೆ ಯಾರೇ ಬಂದರೂ ಅದನ್ನು ಸುತ್ತಿಕೊಂಡೇ ಅಡುಗೆಮನೆಗೆ ಹೋಗಬೇಕು, ಸುತ್ತಿಕೊಂಡೇ ಬಚ್ಚಲಿಗೆ ಹೋಗಬೇಕು. ಮೇಜಿನ ಮೇಲೆ ಒಂದು ಮರದ ಚೌಕಟ್ಟು, ಚೌಕಟ್ಟಿಗೆ ಬಿಗಿದ ತೆಳುವಾದ ನೈಲಾನ್ ಬಟ್ಟೆ, ಪಕ್ಕದಲ್ಲಿ ರಬ್ಬರಿನ ಪಟ್ಟಿ ಕೂರಿಸಿದ ಒಂದು ಹಲಗೆ. ಬಟ್ಟೆಯ ಮೇಲೆ ಶಾಯಿ ಸುರಿದು ಆ ಹಲಗೆಯಿಂದ ತನ್ನ ಕಡೆಗೆ ಎಳೆದುಕೊಂಡರೆ ಕೆಳಗಿನ ಕಾಗದದ ಮೇಲೆ ಅಕ್ಷರ ಮೂಡುತ್ತಿತ್ತು. ಸ್ಕ್ರೀನ್ ಪ್ರಿಂಟಿಂಗ್ ಎಂದು ಅವ್ವ ಹೇಳುತ್ತಿದ್ದಳು. ಅಜ್ಜಿ ಅದನ್ನು ‘ಎಳೆಯೋ ಕೆಲಸ’ ಅನ್ನುತ್ತಿದ್ದಳು. ಗೋಡೆಯಿಂದ ಗೋಡೆಗೆ ಕಟ್ಟಿದ ಏಳು ಸಾಲು ಹಗ್ಗದ ಮೇಲೆ ಮದುವೆ ಪತ್ರಿಕೆ, ಗೃಹಪ್ರವೇಶದ ಪತ್ರಿಕೆ, ತೊಟ್ಟಿಲ ಪತ್ರಿಕೆಗಳು ಒಣಗುತ್ತಿದ್ದವು. ಅವುಗಳ ಕೆಳಗೆ ತಲೆ ಬಗ್ಗಿಸಿ ನಡೆಯುವುದನ್ನು ನಾನು ನಡೆಯುವುದರ ಜೊತೆಗೇ ಕಲಿತಿರಬೇಕು. ಶಾಲೆಯಲ್ಲಿ ಮೇಷ್ಟ್ರು, ‘ನೆಟ್ಟಗೆ ನಡೆಯೇ ಹುಡುಗಿ, ಏನು ಬಿದ್ದೋಗೈತೆ?’ ಎಂದು ಕೇಳುತ್ತಿದ್ದರು. ಉಗ್ರಾಣಕ್ಕೆ ಕಿಟಕಿ ಇರಲಿಲ್ಲ. ಬೆಳಕು ತಾಗಬಾರದ ದ್ರಾವಣವನ್ನು ಬಟ್ಟೆಗೆ ಬಳಿದ ಮೇಲೆ ಅವ್ವ ಚೌಕಟ್ಟನ್ನು ಅಲ್ಲಿ, ಜೋಳದ ಡಬ್ಬಿಯ ಮೇಲೆ ಮಲಗಿಸಿ ಒಣಗಿಸುತ್ತಿದ್ದಳು. ಆ ಹೊತ್ತಿನಲ್ಲಿ ಉಗ್ರಾಣದ ಬಾಗಿಲು ತೆಗೆಯುವಂತಿಲ್ಲ. ಉಪ್ಪಿನಕಾಯಿ ಬೇಕೆಂದರೂ ಒಂದು ಗಂಟೆ ಕಾಯಬೇಕು. ಅಪ್ಪ ಮಧ್ಯಾಹ್ನ ಊಟಕ್ಕೆ ಬಂದವನು ಬರೀ ಸಾರಿನಲ್ಲಿ ಮುದ್ದೆ ಮುಗಿಸಿ ಕೈ ತೊಳೆದ ದಿನಗಳು ಹಲವು.

ಅಪ್ಪ ಬೀಜ, ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ. ವರ್ಷಕ್ಕೊಂದು ಡೈರಿಯನ್ನು ಕಂಪನಿಯವರು ಅಂಗಡಿಗೆ ಕೊಡುತ್ತಿದ್ದರು, ಅಂಗಡಿಯವರು ಅಪ್ಪನಿಗೆ, ಅಪ್ಪ ನನಗೆ. ಒಂಬತ್ತನೆಯ ವಯಸ್ಸಿನಿಂದ ನಾನು ಅವುಗಳಲ್ಲಿ ಬರೆಯುತ್ತಿದ್ದೇನೆ. ಆ ದಿನ ಎಳೆದ ಪತ್ರಿಕೆ ಎಷ್ಟು, ಕೆಟ್ಟದ್ದು ಎಷ್ಟು, ಬಿಸಿಲೋ ಮೋಡವೋ, ಚೌಕಟ್ಟನ್ನು ಬಿಸಿಲಿಗೆ ಹಿಡಿದದ್ದು ಎಷ್ಟು ನಿಮಿಷ. ಈಗ ನನಗೆ ಇಪ್ಪತ್ತಾರು ವರ್ಷವಾದರೂ ಆ ಅಭ್ಯಾಸ ಬಿಟ್ಟಿಲ್ಲ. ದಿನಾಂಕಗಳೆಲ್ಲ ಆ ಪುಸ್ತಕಗಳಲ್ಲಿವೆ. ಇಲ್ಲಿ ಅವುಗಳ ಅಗತ್ಯವಿಲ್ಲ. ಈ ಅಧ್ಯಾಯಕ್ಕಾಗಿ ನಾನು ತೆರೆದಿರುವುದು ಹಸಿರು ರಟ್ಟಿನ ಒಂದೇ ಒಂದು ಡೈರಿಯನ್ನು. ನಾನಾಗ ಏಳನೆಯ ತರಗತಿ.

ಅವ್ವ ಮದುವೆಗೆ ಮುಂಚೆ ಹೊನ್ನಾಳಿಯಲ್ಲಿ ಮೂರು ತಿಂಗಳ ತರಬೇತಿಗೆ ಹೋಗಿ ಈ ಕೆಲಸ ಕಲಿತಿದ್ದಳು. ಜೊತೆಗೆ ಕಲಿತ ಹೆಂಗಸರಲ್ಲಿ ಯಾರೂ ಇದನ್ನು ಮುಂದುವರಿಸಲಿಲ್ಲ ಎಂದು ಹೇಳುತ್ತಿದ್ದಳು. ಅದರಲ್ಲಿ ಹೆಮ್ಮೆ ಇತ್ತೋ ಇಲ್ಲವೋ ನನಗೆ ತಿಳಿಯುತ್ತಿರಲಿಲ್ಲ, ಏಕೆಂದರೆ ಅವ್ವ ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳುವವಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೇಜಿನ ಮುಂದೆ ನಿಂತಾಗ ಮಾತ್ರ ಅವಳು ಬೇರೆ ಥರ ಕಾಣುತ್ತಿದ್ದಳು. ರೊಟ್ಟಿ ಬಡಿಯುವಾಗ, ಪಾತ್ರೆ ತೊಳೆಯುವಾಗ ಇಲ್ಲದ ಒಂದು ನಿಧಾನ ಆಗ ಬರುತ್ತಿತ್ತು. ಹಲಗೆ ಎಳೆಯುವಾಗ ಉಸಿರು ಹಿಡಿದು, ಚೌಕಟ್ಟು ಎತ್ತಿದಾಗ ಬಿಡುತ್ತಿದ್ದಳು. ಪತ್ರಿಕೆಯನ್ನು ಬೆಳಕಿಗೆ ಹಿಡಿದು, ಒತ್ತಕ್ಷರಗಳ ಸಣ್ಣ ಹೊಟ್ಟೆಗಳು ಮುಚ್ಚಿಹೋಗಿಲ್ಲ ಎಂದು ನೋಡಿ ನನ್ನ ಕೈಗೆ ಕೊಡುತ್ತಿದ್ದಳು. ನಾನು ಹಗ್ಗಕ್ಕೆ ಹಾಕಿ, ಪುಸ್ತಕದಲ್ಲಿ ಗೀಟು ಎಳೆಯುತ್ತಿದ್ದೆ. ನಾಲ್ಕು ಉದ್ದ ಗೀಟು, ಐದನೆಯದು ಅಡ್ಡ.

ಆ ವರ್ಷ ದೀಪಾವಳಿ ಕಳೆದ ಮೇಲೆ ಅಜ್ಜಿಯ ದಮ್ಮು ಜಾಸ್ತಿಯಾಯಿತು. ಅಜ್ಜಿ ಎಂದರೆ ಅಪ್ಪನ ತಾಯಿ. ಅವಳ ಮಂಚ ಪಡಸಾಲೆಯಲ್ಲಿ, ಮೇಜಿನಿಂದ ಹದಿನಾಲ್ಕು ಹೆಜ್ಜೆ ದೂರದಲ್ಲಿತ್ತು. ನಾವು ಬಳಸುತ್ತಿದ್ದದ್ದು ಎಣ್ಣೆಯ ಶಾಯಿ. ಅದನ್ನು ತೆಳು ಮಾಡಲು ಥಿನ್ನರ್, ಚೌಕಟ್ಟಿನ ಬಟ್ಟೆ ತೊಳೆಯಲು ಸೀಮೆಎಣ್ಣೆ. ಎರಡರ ವಾಸನೆಯೂ ಮನೆಯ ಎಲ್ಲದರಲ್ಲೂ ಸೇರಿಕೊಂಡಿತ್ತು. ಹೊಸಬರಿಗೆ ಮೂಗಿಗೆ ಬಡಿಯುತ್ತಿತ್ತು, ನಮಗೆ ಗೊತ್ತಾಗುತ್ತಲೇ ಇರಲಿಲ್ಲ. ಅಜ್ಜಿ ಮಾತ್ರ ದಿನಕ್ಕೊಮ್ಮೆಯಾದರೂ ಅವ್ವನಿಗೆ ಹೇಳುತ್ತಿದ್ದಳು.

“ಕರಿಬಸಮ್ಮ, ಇವತ್ತಿನ ರೊಟ್ಟಿ ಚಲೋ ಆಗೈತೆ. ಒಂದು ಬತ್ತಿ ಹಾಕಿದ್ರೆ ದೀಪ ಉರಿತಿತ್ತು.”

ಅವ್ವ ನಗುತ್ತಿರಲಿಲ್ಲ, ಸಿಟ್ಟೂ ಆಗುತ್ತಿರಲಿಲ್ಲ.

“ಇನ್ನೊಂದು ಹಾಕ್ಲೇನತ್ತೆ?”

“ಹಾಕು ಹಾಕು. ಹೆಂಗೂ ಸಾಯೋಳು, ಹೊಟ್ಟಿ ತುಂಬಿಸ್ಕಂಡೇ ಸಾಯ್ತೀನಿ.”

ಹೊನ್ನಾಳಿಯ ಡಾಕ್ಟರು ಅಜ್ಜಿಯ ಬೆನ್ನಿಗೆ ಟೆಲಿಸ್ಕೋಪು ಇಟ್ಟು (ನನ್ನ ಡೈರಿಯಲ್ಲಿ ಹಾಗೇ ಇದೆ) ಧೂಳು, ಹೊಗೆ, ವಾಸನೆ ಯಾವುದೂ ಆಗುವುದಿಲ್ಲ ಎಂದರು. ಅಪ್ಪ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ತೀರ್ಮಾನ ಹೇಳಿದ. ಬಸ್ ನಿಲ್ದಾಣದ ಹತ್ತಿರ ಅವನ ಪರಿಚಯದವರ ಒಂದು ಮಳಿಗೆ ಖಾಲಿ ಇತ್ತು. ಶಿವರಾತ್ರಿ ಆದ ಮೇಲೆ ಮೇಜು, ಚೌಕಟ್ಟು ಎಲ್ಲ ಅಲ್ಲಿಗೆ. ಕೆಲಸ ಬಲ್ಲ ಒಬ್ಬನನ್ನು ಇಟ್ಟರಾಯಿತು, ಸಂಜೆ ಅಂಗಡಿ ಮುಗಿಸಿ ತಾನು ಹೋಗಿ ನೋಡಿಕೊಳ್ಳುತ್ತೇನೆ ಎಂದ. ಅವ್ವ ಅಲ್ಲಿ ಬಂದು ನಿಲ್ಲುವ ಮಾತು ಬರಲೇ ಇಲ್ಲ. ಅಜ್ಜಿಯನ್ನು ಒಬ್ಬಳನ್ನೇ ಮನೆಯಲ್ಲಿ ಬಿಡುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಂದರೆ ಮೇಜು ಹೋದರೆ ಅವ್ವನ ಕೆಲಸವೂ ಹೋದಂತೆ. ಅಪ್ಪ ಕೆಟ್ಟವನಲ್ಲ. ಅವನ ಲೆಕ್ಕದಲ್ಲಿ ಅದು ಹೆಂಡತಿಗೆ ಕೊಟ್ಟ ವಿಶ್ರಾಂತಿ.

“ಹದಿಮೂರು ವರ್ಷ ಎಳ್ದೀಯ. ಇನ್ನು ಆರಾಮಿರು,” ಎಂದ.

ಅವ್ವ ಅವನ ತಟ್ಟೆಗೆ ಪಲ್ಯ ಬಡಿಸಿ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಿಂದಲೇ ಕೇಳಿದಳು.

“ನೀರಿನ ಶಾಯಿ ಅಂತ ಬಂದೈತಂತ್ರಿ. ವಾಸ್ನೆ ಇರಂಗಿಲ್ವಂತೆ. ಶಿವರಾತ್ರಿ ತನಕ ಅದ್ರಾಗೆ ಮಾಡಿ ನೋಡ್ಲಾ?”

“ನೋಡು. ಆಗ್ಲಿಲ್ಲಾಂದ್ರೆ ಮಾತಿಲ್ಲ.”

“ಮಾತಿಲ್ಲ,” ಎಂದಳು ಅವ್ವ.

ಮಾರನೆಯ ದಿನ ನನ್ನನ್ನು ಕರೆದು, ನಿನಗೆ ಬರೆದಿಡುವ ಹುಚ್ಚು ಇದೆಯಲ್ಲ, ಇದನ್ನು ಬರೆದಿಡು ಎಂದಳು. ನನಗೆ ಯಾರೂ ಅಷ್ಟು ದೊಡ್ಡ ಕೆಲಸ ಕೊಟ್ಟಿರಲಿಲ್ಲ. ಡೈರಿಯಲ್ಲಿ ಆರು ಕಾಲಂ ಹಾಕಿದೆ.

ನೀರಿನ ಶಾಯಿಗೆ ಹೊಸದಾಗಿ ಇಳಿಯುವವರು ಮಾಡುವ ತಪ್ಪುಗಳನ್ನೆಲ್ಲ ನಾವು ಸಾಲಾಗಿ ಮಾಡಿದೆವು. ಮೊದಲನೆಯದು ದ್ರಾವಣದ್ದು. ಬಟ್ಟೆಯ ಮೇಲೆ ಬಳಿಯುವ ದ್ರಾವಣ ಬಿಸಿಲು ತಾಗಿದ ಕಡೆ ಗಟ್ಟಿಯಾಗಿ ಉಳಿಯುತ್ತದೆ, ಅಕ್ಷರದ ನೆರಳು ಬಿದ್ದ ಕಡೆ ನೀರಿನಲ್ಲಿ ತೊಳೆದುಹೋಗುತ್ತದೆ. ಆ ತೆರವಿನಿಂದ ಶಾಯಿ ಇಳಿಯುತ್ತದೆ. ನಮ್ಮ ಹತ್ತಿರ ಇದ್ದದ್ದು ಎಣ್ಣೆ ಶಾಯಿಗೆ ಮಾಡಿದ ದ್ರಾವಣ. ನೀರಿನ ಶಾಯಿ ಹಾಕಿ ಹನ್ನೊಂದು ಸಲ ಎಳೆಯುವಷ್ಟರಲ್ಲಿ ಗಟ್ಟಿಯಾದದ್ದೂ ಕರಗಿ, ಹನ್ನೆರಡನೆಯ ಕಾಗದದ ಮೇಲೆ ದೇವರ ಹೆಸರಿನ ಜಾಗದಲ್ಲಿ ಬದನೆಕಾಯಿ ಆಕಾರದ ಒಂದು ಕಲೆ ಬಿತ್ತು. ಅಜ್ಜಿ ಅದನ್ನು ಕೇಳಿ ತರಿಸಿಕೊಂಡು ಕನ್ನಡಕ ಹಾಕಿ ನೋಡಿದಳು. ‘ಬರೋರಿಗೆ ಅಡಿಗಿ ಏನಂತ ಮೊದ್ಲೇ ಗೊತ್ತಾಗ್ತದೆ, ಅಷ್ಟೇ’ ಎಂದಳು. ನೀರಿಗೆ ತಡೆಯುವ ದ್ರಾವಣ ಬೇರೆಯೇ ಸಿಗುತ್ತದೆ ಎಂದು ಶಿವಮೊಗ್ಗದ ಶಾಯಿ ಅಂಗಡಿಯವನು ಫೋನಿನಲ್ಲಿ ಹೇಳಿದ. ಸವಳಂಗದ ಮೇಲೆ ಹೋಗುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ತರಿಸಿದೆವು.

ಎರಡನೆಯದು ಬಟ್ಟೆಯ ಆಯ್ಕೆ. ಸೆಂಟಿಮೀಟರಿಗೆ ಎಷ್ಟು ಎಳೆ ಎಂಬುದರ ಮೇಲೆ ಬಟ್ಟೆಗೆ ನಂಬರು. ಅವ್ವ ಯಾವಾಗಲೂ ನೂರಿಪ್ಪತ್ತರ ಬಟ್ಟೆ ಬಿಗಿಯುತ್ತಿದ್ದಳು. ಸಣ್ಣ ಅಕ್ಷರ ಚೊಕ್ಕವಾಗಿ ಬರಲು ಅಷ್ಟು ನಯ ಬೇಕು. ಆದರೆ ನೀರಿನ ಶಾಯಿ ಗಾಳಿಗೇ ಒಣಗುವಂಥದ್ದು. ನೂರಿಪ್ಪತ್ತರ ಸಣ್ಣ ಕಣ್ಣುಗಳಲ್ಲಿ ಕೂತು ಅಲ್ಲೇ ಗಟ್ಟಿಯಾಯಿತು. ಹದಿನೆಂಟನೆಯ ಪತ್ರಿಕೆಗೆ ವರನ ತಂದೆಯ ಹೆಸರು ಅರ್ಧ ಮಾಯ. ಎಪ್ಪತ್ತೇಳರ ಬಟ್ಟೆ ತಂದೆವು. ಶಾಯಿ ಧಾರಾಳವಾಗಿ ಇಳಿಯಿತು, ಆದರೆ ಅಕ್ಷರಗಳ ಅಂಚು ಗರಗಸದ ಹಲ್ಲಿನಂತೆ ಬಂತು. ಕೊನೆಗೆ ತೊಂಬತ್ತರಲ್ಲಿ ನಿಂತೆವು. ಫ್ಯಾನು ಬಂದ್ ಮಾಡಿ, ಪ್ರತಿ ಸಲವೂ ಎಳೆದ ಕೂಡಲೇ ಬಟ್ಟೆಯ ಮೇಲೆ ಮತ್ತೆ ತೆಳುವಾಗಿ ಶಾಯಿ ಹರಡಿ, ಕೈಬಿಡದೆ ಮಾಡಿದರೆ ಅರವತ್ತು ಪತ್ರಿಕೆಯವರೆಗೆ ತೊಳೆಯದೆ ನಡೆಯುತ್ತಿತ್ತು. ಅಕ್ಷರವನ್ನು ಸ್ವಲ್ಪ ದಪ್ಪ ಮಾಡಿಸಿದರೆ ಸಾಕಿತ್ತು. ತೊಂಬತ್ತರ ಬಟ್ಟೆ ಬಿಗಿಯುವಾಗ ಅವ್ವ ಒಂದು ಬದಿ, ನಾನು ಒಂದು ಬದಿ. ಮೊಳೆ ಹೊಡೆದು ಮುಗಿದ ಮೇಲೆ ಬೆರಳಿನಿಂದ ಮೀಟಿದಳು. ‘ಡುಂ’ ಎಂದಿತು. ಆ ತಿಂಗಳಲ್ಲಿ ಅವ್ವ ನಕ್ಕದ್ದನ್ನು ಆವತ್ತೇ ನೋಡಿದ್ದು.

ಮೂರನೆಯದು ಶಾಯಿ. ಇದರಲ್ಲಿ ನಾನು ಮಾಡಿದ್ದನ್ನು ತಪ್ಪು ಎಂದರೆ ಕಡಿಮೆಯಾಗುತ್ತದೆ.

ಶಾಯಿಯ ಡಬ್ಬಿಯ ಜೊತೆ ಅಂಗಡಿಯವನು ಫಿಕ್ಸರ್ ಎಂಬ ಒಂದು ಸಣ್ಣ ಬಾಟಲಿ ಕಳಿಸಿದ್ದ. ಫೋನಿನಲ್ಲಿ ಅವನ ಜೊತೆ ಮಾತಾಡಿದವಳು ನಾನೇ. ಅವನು ಹೇಳಿದ್ದನ್ನು ಅಕ್ಷರಶಃ ಬರೆದುಕೊಂಡಿದ್ದೇನೆ.

“ಅಂಗಿ ಬಟ್ಟೆ ಮೇಲೆ ಹೊಡಿಯೋರಿಗೆ ಅದು ಬೇಕೇಬೇಕು. ಕಾಗದಕ್ಕೂ ಕೇಜಿಗೆ ಎರಡು ಚಮಚ ಹಾಕಮ್ಮ, ನೀರು ಬಿದ್ರೂ ಅಳಿಸಂಗಿಲ್ಲ.”

ಆ ದಿನ ಅವ್ವ ಅಕ್ಷರದ ನೆರಳು ಬೀಳಿಸುವ ಫಿಲಂ ಹಾಳೆ ತರಲು ಹೊನ್ನಾಳಿಗೆ ಹೋಗಿದ್ದಳು. ಮನೆಯಲ್ಲಿ ನಾನು, ಅಜ್ಜಿ ಇಬ್ಬರೇ. ನನ್ನ ಆರು ಕಾಲಂಗಳಲ್ಲಿ ಕೊನೆಯದಕ್ಕೆ ‘ಅ. ಕೆ.’ ಎಂದು ಹೆಸರು ಕೊಟ್ಟಿದ್ದೆ. ಅಜ್ಜಿಯ ಕೆಮ್ಮು. ಯಾವ ಶಾಯಿಗೆ ಗಂಟೆಗೆ ಎಷ್ಟು ಸಲ ಕೆಮ್ಮುತ್ತಾಳೆ ಎಂದು ಎಣಿಸಿ ಬರೆಯುತ್ತಿದ್ದೆ. ಎಣ್ಣೆ ಶಾಯಿ, ಮೂವತ್ತೊಂದು. ನೀರಿನ ಶಾಯಿ, ನಾಲ್ಕು. ಆಮೇಲೆ ಸಣ್ಣ ಬಾಟಲಿಯ ಮುಚ್ಚಳ ತೆಗೆದು ಎರಡು ಚಮಚ ಕಲಸಿದೆ. ಮೂಗಿಗೆ ಸೂಜಿ ಚುಚ್ಚಿದಂಥ ಘಾಟು. ಇಪ್ಪತ್ತೆರಡು. ನಾನು ಬಾಟಲಿ ಮುಚ್ಚಿ ಉಗ್ರಾಣದಲ್ಲಿ ಹುಣಸೆಹಣ್ಣಿನ ಭರಣಿಯ ಹಿಂದೆ ಇಟ್ಟೆ. ಕಲಸಿದ್ದನ್ನು ಚೆಲ್ಲಿದೆ. ಪುಸ್ತಕದಲ್ಲಿ ಬರೆದೆ: ಫಿಕ್ಸರ್ ಬೇಡ.

ಸಂಜೆ ಅವ್ವ ಕೇಳಿದಳು.

“ಸಣ್ಣ ಬಾಟ್ಲಿ ಯಾತಕ್ಕಂತೆ?”

“ಅಂಗಿ ಬಟ್ಟೆ ಮೇಲೆ ಹೊಡಿಯೋರಿಗೆ ಬೇಕೇಬೇಕಂತೆ,” ಎಂದೆ.

ಅದು ಸುಳ್ಳಾಗಿರಲಿಲ್ಲ. ಅವನು ಹೇಳಿದ ಎರಡು ಮಾತಿನಲ್ಲಿ ಮೊದಲನೆಯದು ಅದೇ ಆಗಿತ್ತು. ಅವ್ವ ತಲೆಯಾಡಿಸಿದಳು. ನನ್ನ ಲೆಕ್ಕದಲ್ಲಿ ವಾಸನೆ ಇದ್ದರೆ ಮೇಜು ಹೋಗುತ್ತದೆ, ವಾಸನೆ ಇಲ್ಲದಿದ್ದರೆ ಮೇಜು ಉಳಿಯುತ್ತದೆ. ಬೇರೆ ಕಾಲಂ ಇರಲಿಲ್ಲ. ಒಣಗಿದ ಮೇಲೆ ಹೆಬ್ಬೆರಳಿನಿಂದ ಉಜ್ಜಿ ನೋಡಿದೆ, ಮಡಿಸಿ ನೋಡಿದೆ, ಒಂದಿಡೀ ದಿನ ಬಿಸಿಲಿಗೆ ಇಟ್ಟು ನೋಡಿದೆ. ಎಲ್ಲದಕ್ಕೂ ‘ಸರಿ’ ಎಂದು ಬರೆದಿದ್ದೇನೆ. ಮದುವೆ ಪತ್ರಿಕೆಯ ಮೇಲೆ ನೀರು ಏಕೆ ಬೀಳುತ್ತದೆ?

ಆ ವಾರವೇ ಸವಳಂಗದ ಹಾಲೇಶಪ್ಪ ಎಂಬವರು ಮಗಳ ಮದುವೆಗೆ ನಾನೂರು ಪತ್ರಿಕೆ ಹೇಳಿಹೋದರು. ನೀರಿನ ಶಾಯಿಯಲ್ಲಿ ಅದೇ ಮೊದಲನೆಯದು. ಕುಂಕುಮದ ಬಣ್ಣ, ಕೆನೆ ಬಣ್ಣದ ದಪ್ಪ ಕಾಗದ. ಎರಡು ದಿನದಲ್ಲಿ ನಾನೂರ ಹನ್ನೆರಡು ಎಳೆದೆವು, ಕೆಟ್ಟದ್ದು ಹನ್ನೆರಡು. ಅಜ್ಜಿ ಪಡಸಾಲೆ ಬಿಟ್ಟು ನಡುಮನೆಯ ಬಾಗಿಲಿಗೇ ಬಂದು ಕೂತು ಅವರೆಕಾಯಿ ಸುಲಿದಳು. ಅಪ್ಪ ಊಟಕ್ಕೆ ಬಂದವನು ಮೂಗು ಅರಳಿಸಿ ನಾಲ್ಕೂ ಕಡೆ ಆಘ್ರಾಣಿಸಿದ. ಏನೂ ಹೇಳಲಿಲ್ಲ. ಏನೂ ಹೇಳದಿರುವುದು ಅಪ್ಪನಿಂದ ಸಿಗುವ ದೊಡ್ಡ ಪ್ರಮಾಣಪತ್ರ. ಆವತ್ತು ಅವ್ವ ಮೇಜನ್ನು ಒರೆಸಿದ್ದನ್ನು ನೋಡಿದರೆ, ಶಿವರಾತ್ರಿಯ ಮಾತು ಅವಳ ಮಟ್ಟಿಗೆ ಮುಗಿದಿದೆ ಎಂದು ಗೊತ್ತಾಗುವಂತಿತ್ತು.

ನಮ್ಮ ಕಡೆ ಮದುವೆ ಪತ್ರಿಕೆಯನ್ನು ಹಾಗೇ ಹಂಚುವುದಿಲ್ಲ. ಒಳ್ಳೆಯ ದಿನ ನೋಡಿ ಮುತ್ತೈದೆಯರು ಸುತ್ತ ಕೂತು, ನೀರಿನಲ್ಲಿ ಕಲಸಿದ ಅರಿಶಿನವನ್ನು ಬೆರಳಿನಲ್ಲಿ ಅದ್ದಿ ಪ್ರತಿ ಪತ್ರಿಕೆಯ ನಾಲ್ಕು ಮೂಲೆಗೂ ಹಚ್ಚುತ್ತಾರೆ. ಮೊದಲನೆಯದು ಮನೆದೇವರಿಗೆ, ಆಮೇಲೆ ಊರಿಗೆ. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಕತ್ತಲಗೆರೆಯಲ್ಲಿ ಚಿಕ್ಕಮ್ಮನ ಮಗಳ ಮದುವೆಗೆ ನಾನೇ ನೂರಕ್ಕೆ ಹಚ್ಚಿದ್ದೆ. ಉಗುರು ವಾರವೆಲ್ಲ ಹಳದಿ ಇತ್ತು. ಅವ್ವನಿಗೂ ಗೊತ್ತು, ಅಜ್ಜಿಗೂ ಗೊತ್ತು. ಆದರೆ ಅರಿಶಿನ ಹಚ್ಚುವ ಕೆಲಸ ನಡೆಯುವುದು ಅವರವರ ಮನೆಯಲ್ಲಿ. ನಮ್ಮ ಮನೆಯಿಂದ ಪತ್ರಿಕೆ ಹೊರಡುವಾಗ ಒಣಗಿ, ಕಟ್ಟು ಕಟ್ಟಿಕೊಂಡು ಹೊರಡುತ್ತಿತ್ತು. ಎಣ್ಣೆ ಶಾಯಿಯ ಮೇಲೆ ಅರಿಶಿನ ಹಚ್ಚಿದರೂ ಏನೂ ಆಗುತ್ತಿರಲಿಲ್ಲ, ಹಾಗಾಗಿ ಹದಿಮೂರು ವರ್ಷದಲ್ಲಿ ಒಮ್ಮೆಯೂ ಅದು ನಮ್ಮ ಯೋಚನೆಗೆ ಬಂದಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಹಾಲೇಶಪ್ಪ ಬೈಕಿನಲ್ಲಿ ಬಂದರು. ಹಿಂದೆ ಅವರ ತಾಯಿ ಗೌರಮ್ಮ ಕೂತಿದ್ದರು, ತೊಡೆಯ ಮೇಲೆ ಪತ್ರಿಕೆಯ ಚೀಲ. ಅಪ್ಪ ಊಟಕ್ಕೆ ಕೂತಿದ್ದ. ಗೌರಮ್ಮ ಒಳಗೆ ಬಂದವರೇ ಚೀಲವನ್ನು ಮೇಜಿನ ಮೇಲೆ ಬಗ್ಗಿಸಿದರು. ಮೇಲಿದ್ದ ಪತ್ರಿಕೆಯ ನಾಲ್ಕು ಮೂಲೆಯಲ್ಲೂ ಅರಿಶಿನದ ಜೊತೆ ಕುಂಕುಮದ ಶಾಯಿ ಇಳಿದು ಹರಡಿತ್ತು. ಕೆಳಗಿನ ಬಲಮೂಲೆಯಲ್ಲಿ ‘ತಮ್ಮ ಆಗಮನಾಭಿಲಾಷಿಗಳು’ ಎಂಬುದು ಪೂರಾ ಕರಗಿತ್ತು. ಕೆಲವುಗಳಲ್ಲಿ ಬೆರಳು ಸ್ವಲ್ಪ ಮೇಲೆ ಹೋಗಿ ಹುಡುಗಿಯ ಹೆಸರು ಅಳಿಸಿತ್ತು. ಆ ಹುಡುಗಿಯ ಹೆಸರು ಕಾವ್ಯ.

“ನೋಡವ್ವ, ಚೆನ್ನಾಗಿ ನೋಡು,” ಎಂದರು ಗೌರಮ್ಮ. “ಐದು ಮಂದಿ ಮುತ್ತೈದೇರು ಕುಂತು ಹಚ್ಚೀವಿ. ಅರವತ್ತು ಹಚ್ಚಿದ ಮೇಲೆ ಗೊತ್ತಾತು. ಕೈ ನೋಡಿದ್ರೆ ಕುರಿ ಕೊಯ್ದಂಗಾಗೈತೆ. ಹುಡುಗಿ ಹೆಸರು ಒರಸಿ ಹೋತು. ಒಳ್ಳೇ ಕೆಲ್ಸದಾಗೆ ಇದೇನಿದು?”

“ಅಮ್ಮ, ಮೆತ್ತಗೆ ಮಾತಾಡು,” ಎಂದರು ಹಾಲೇಶಪ್ಪ.

“ನೀ ಸುಮ್ಕಿರೋ. ನಿನ್ನ ಮಗಳು ಒಳಗೆ ಬಾಗ್ಲು ಹಾಕ್ಕಂಡು ಅಳ್ತಾ ಕುಂತಾಳೆ, ನೀನು ಮೆತ್ತಗೆ ಅಂತೀಯ.”

ಅವ್ವ ಒಂದು ಪತ್ರಿಕೆ ಎತ್ತಿಕೊಂಡು ಬೆಳಕಿಗೆ ಹಿಡಿದಳು. ಎಂದಿನಂತೆಯೇ ಹಿಡಿದಳು. ಆಮೇಲೆ ಕೆಳಗಿಟ್ಟಳು.

“ತಪ್ಪು ನಂದೇರಿ,” ಎಂದಳು. “ಹೊಸ ಶಾಯಿ. ನಾನು ನೀರು ಹಾಕಿ ನೋಡ್ಬೇಕಿತ್ತು, ನೋಡ್ಲಿಲ್ಲ. ಎಲ್ಲಾನೂ ಮತ್ತೆ ಮಾಡ್ಕೊಡ್ತೀನಿ. ಯಾವಾಗ ಬೇಕು ಹೇಳ್ರಿ.”

“ಗುರುವಾರ ಹಂಚಾಕೆ ಊರ ಮೇಲೆ ಹೊರಡ್ಬೇಕು,” ಎಂದರು ಹಾಲೇಶಪ್ಪ.

ಅಂದರೆ ನಾಲ್ಕು ದಿನ. ಅಪ್ಪ ತಟ್ಟೆಯ ಮುಂದಿನಿಂದ ಏಳದೆಯೇ ಹೇಳಿದ.

“ಎಣ್ಣೆ ಶಾಯಿನಾಗೆ ಮಾಡ್ಕೊಡ್ತಾಳೆ, ಏನೂ ಚಿಂತಿ ಮಾಡ್ಬೇಡ್ರಿ. ಇದೇ ಕೊನೆ. ಮುಂದಿನ ಸೋಮವಾರ ಮೇಜು ಮಳಿಗಿಗೆ ಹೋಗ್ತದೆ.”

ನಾನು ಉಗ್ರಾಣದ ಬಾಗಿಲಲ್ಲಿ ನಿಂತಿದ್ದೆ. ಅವ್ವ ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಬಹುಶಃ ಅಲ್ಲೇ ಹೇಳಿಬಿಡುತ್ತಿದ್ದೆ. ಆ ದಿನದ ಪುಟದಲ್ಲಿ ಹೀಗಿದೆ: ಎಳೆದದ್ದು ಇಲ್ಲ. ಕೆಟ್ಟದ್ದು ನಾನೂರು. ಬಿಸಿಲು.

ಮಾರನೆಯ ಬೆಳಿಗ್ಗೆ ರೊಟ್ಟಿಯ ಹೊತ್ತಿಗೆ ಮೂವರೂ ಒಂದೇ ಕಡೆ ಇದ್ದರು. ಅವ್ವ ಒಲೆಯ ಮುಂದೆ, ಅಪ್ಪ, ಅಜ್ಜಿ ಗೋಡೆಗೆ ಒರಗಿ ತಟ್ಟೆಯ ಮುಂದೆ. ನಾನು ಡೈರಿ ತಂದು ನಿಂತುಕೊಂಡೇ ಓದಿದೆ. ಬಾಯಲ್ಲಿ ಹೇಳಲು ಆಗುತ್ತಿರಲಿಲ್ಲ, ಓದಲು ಆಗುತ್ತಿತ್ತು. ಅಂಗಡಿಯವನು ಹೇಳಿದ ಎರಡೂ ಮಾತು ಓದಿದೆ. ಎಣ್ಣೆ ಶಾಯಿ, ಅ. ಕೆ. ಮೂವತ್ತೊಂದು. ನೀರಿನ ಶಾಯಿ, ನಾಲ್ಕು. ಫಿಕ್ಸರ್ ಹಾಕಿದ್ದು, ಇಪ್ಪತ್ತೆರಡು. ಫಿಕ್ಸರ್ ಬೇಡ. ಬಾಟಲಿ ಹುಣಸೆಹಣ್ಣಿನ ಭರಣಿಯ ಹಿಂದೆ.

“ಅಕೆ ಅಂದ್ರೆ ಏನು?” ಎಂದು ಅಪ್ಪ ಕೇಳಿದ.

“ಅಜ್ಜಿ ಕೆಮ್ಮು.”

ಹೆಂಚಿನ ಮೇಲಿನ ರೊಟ್ಟಿ ಹೊತ್ತಿತು. ಯಾರೂ ತಿರುವಿ ಹಾಕಲಿಲ್ಲ. ಮೊದಲು ಮಾತಾಡಿದವಳು ಅಜ್ಜಿ.

“ನನ್ನ ಕೆಮ್ಮು ಎಣಿಸ್ತಿದ್ಯೇನೇ, ಹಾಳಾದೋಳೇ? ಕಾಳು ಎಣಿಸ್ದಂಗೆ?” ಎಂದಳು. “ಉಗುಳಿದ್ದೂ ಬರ್ದೀಯೇನು?”

“ಇಲ್ಲಜ್ಜಿ.”

“ಬರಿ, ಅದನ್ನೂ ಬರಿ. ಅಲ್ಲೇ, ಘಾಟು ಬಂತು, ಎದ್ದು ಹೊರಗೆ ಕಟ್ಟಿ ಮೇಲೆ ಕುಂದ್ರು ಅಂತ ಒಂದು ಮಾತು ಹೇಳಿದ್ರೆ ನಾನು ಕುಂದ್ರುತಿರ್ಲಿಲ್ವಾ? ನನಗೇನು ಕಾಲಿಲ್ವಾ?”

ಆ ಮೂರು ತಿಂಗಳಲ್ಲಿ ಡಾಕ್ಟರು ಅಜ್ಜಿಯ ಎದೆ ಕೇಳಿದ್ದರು, ಅಪ್ಪ ಡಾಕ್ಟರನ್ನು ಕೇಳಿದ್ದ, ಅವ್ವ ಅಪ್ಪನನ್ನು ಕೇಳಿದ್ದಳು, ನಾನು ಗೀಟು ಎಳೆದಿದ್ದೆ. ಅಜ್ಜಿ ಈಗ ಅಪ್ಪನ ಕಡೆ ತಿರುಗಿದಳು.

“ನೀನೂ ಅಷ್ಟೇ. ನನ್ನ ದಮ್ಮಿನ ನೆಪ ಮಾಡಿ ಇವಳ ಮೇಜು ಹೊರಗೆ ಹಾಕಾಕೆ ಹೊಂಟೀಯಲ್ಲ, ನಾನು ಹೇಳಿದ್ನಾ?”

“ನಿನ್ನ ಒಳ್ಳೇದಕ್ಕೇ ಅಲ್ವೇನಮ್ಮ?”

“ನನ್ನ ಒಳ್ಳೇದು ನಾನು ನೋಡ್ಕಂತೀನಿ. ಮೇಜು ಹೋದ ದಿನದಿಂದ ಇವಳು ಮುಖ ಇಳಿಬಿಟ್ಕಂಡು ಓಡಾಡ್ತಾಳೆ. ಆ ಮುಖ ಬೆಳಗಿಂದ ಸಂಜಿ ತನಕ ನೋಡ್ಬೇಕಾದೋಳು ನಾನು. ನೀನಾ? ನೀನು ಗೊಬ್ಬರದ ಚೀಲದ ಮೇಲೆ ಕುಂತಿರ್ತೀಯ.”

ಅಪ್ಪ ಲೋಟ ಎತ್ತಿ ನೀರು ಕುಡಿದ. ಅವ್ವ ಇಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದಳು. ಅವಳು ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಬೇಗ ಮುಗಿಯುತ್ತಿತ್ತು.

“ಎಷ್ಟು ಚಮಚ ಅಂದ?” ಎಂದು ಕೇಳಿದಳು.

“ಕೇಜಿಗೆ ಎರಡು.”

“ಕಲಸಿ ಎಷ್ಟೊತ್ತು ಬಿಟ್ರೆ ಘಾಟು ಹೋಗ್ತದೆ ಅಂತ ನೋಡಿದ್ಯಾ?”

“ಇಲ್ಲ.”

“ಬಾಟ್ಲಿ ತಗಂಬಾ.”

ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಡಬ್ಬಿ ಇಟ್ಟು, ಬಾಯಿಗೆ ಸೆರಗು ಕಟ್ಟಿಕೊಂಡು ಅವ್ವನೇ ಕಲಸಿದಳು. ನಾನು ಗಡಿಯಾರ ಹಿಡಿದು ನಿಂತೆ. ಅರ್ಧ ಗಂಟೆಗೆ ಘಾಟು ಮೂಗಿಗೆ ಬರುವಂತಿತ್ತು. ಒಂದು ಗಂಟೆಯಾದ ಮೇಲೆ ಡಬ್ಬಿಯೊಳಗೆ ಮುಖ ಇಟ್ಟರೂ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಅಷ್ಟೇ ಇತ್ತು. ಇಷ್ಟು ದಿನ ಆ ಬಾಟಲಿಯನ್ನು ಭರಣಿಯ ಹಿಂದೆ ಅಡಗಿಸಿಟ್ಟದ್ದಕ್ಕೆ ಬದಲು ಒಂದು ಗಂಟೆ ಹಿತ್ತಿಲಲ್ಲಿ ಇಟ್ಟಿದ್ದರೆ ಸಾಕಾಗಿತ್ತು. ಐದು ಪತ್ರಿಕೆ ಎಳೆದು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದೆವು. ಮರುದಿನ ಬೆಳಗಾಗುತ್ತಲೇ ಅವ್ವ ಅಪ್ಪನ ಫೋನಿನಿಂದ ಸವಳಂಗಕ್ಕೆ ತಾನೇ ಮಾತಾಡಿದಳು. ಎಣ್ಣೆ ಶಾಯಿಯಲ್ಲಿ ಮಾಡಿದರೆ ಯಾವ ತೊಂದರೆಯೂ ಇಲ್ಲ, ಬೇಕೆಂದರೆ ಅದರಲ್ಲೇ ಮಾಡುತ್ತೇನೆ. ಆದರೆ ನೀರಿನ ಶಾಯಿಯನ್ನು ಸರಿಮಾಡಿದ್ದೇನೆ, ನಂಬಿಕೆ ಬರಲಿ, ಬಂದು ನೀವೇ ಕೈಯಾರೆ ನೋಡಿ ಎಂದಳು. ಎಣ್ಣೆ ಶಾಯಿಯ ಡಬ್ಬಿ ಕಪಾಟಿನಲ್ಲಿ ತುಂಬಿಯೇ ಇತ್ತು. ಹೀಗೆ ಕರೆಯುವ ಅಗತ್ಯ ಅವಳಿಗಿರಲಿಲ್ಲ. ಅಪ್ಪನೂ ಅದನ್ನೇ ಹೇಳಿದ. ಅವ್ವ ಕೇಳಿಸಿಕೊಂಡು ಮೇಜು ಒರೆಸುತ್ತಿದ್ದಳು.

ಒಂದು ಗಂಟೆಯೊಳಗೆ ಗೌರಮ್ಮ ಅರಿಶಿನವನ್ನು ತಮ್ಮ ಮನೆಯಿಂದಲೇ ಪೊಟ್ಟಣ ಕಟ್ಟಿಕೊಂಡು ಬಂದರು. ನಮ್ಮ ಅರಿಶಿನದ ಮೇಲೂ ಅವರಿಗೆ ನಂಬಿಕೆ ಇರಲಿಲ್ಲ. ಅಜ್ಜಿ ಮಂಚದಿಂದ ಇಳಿದು ಅವರ ಎದುರು ಕೂತಳು. ತಟ್ಟೆಯಲ್ಲಿ ನೀರು ಹಾಕಿ ಕಲಸಿ, ಗೌರಮ್ಮ ಮೂಲೆಗೆ ಹಚ್ಚುವ ಬದಲು ನೇರವಾಗಿ ಹುಡುಗಿಯ ಹೆಸರಿನ ಮೇಲೇ ಹೆಬ್ಬೆರಳು ಇಟ್ಟು ಉಜ್ಜಿದರು. ಕೂಸಿನ ಮೂಗು ಒರೆಸುವಷ್ಟು ಬಲವಾಗಿ ಉಜ್ಜಿದರು. ಹೆಬ್ಬೆರಳು ತೆಗೆದು ನೋಡಿದರು. ಹಳದಿ ಇತ್ತು, ಕೆಂಪು ಇರಲಿಲ್ಲ. ಇನ್ನೊಂದು ಪತ್ರಿಕೆ ತೆಗೆದುಕೊಂಡು ಹಾಗೆಯೇ ಮಾಡಿದರು. ಐದೂ ಮುಗಿಸಿದರು.

“ಇನ್ನೇನು, ನೆಕ್ಕಿ ನೋಡ್ತೀಯೇನು?” ಎಂದಳು ಅಜ್ಜಿ.

“ನೆಕ್ಕಿದ್ರೂ ನೆಕ್ಕೇನು. ನನ್ನ ಮೊಮ್ಮಗಳ ಹೆಸರು ಅದು,” ಎಂದರು ಗೌರಮ್ಮ. ಆಮೇಲೆ ಕೈ ತೊಳೆಯಲು ಎದ್ದು, ಅವ್ವನ ಹತ್ತಿರ ನಿಂತು, “ಇದ್ರಾಗೇ ಮಾಡವ್ವ. ಗುರುವಾರ ಬೆಳಿಗ್ಗೆ ಹಾಲೇಶ ಬರ್ತಾನೆ,” ಎಂದರು.

ಮಂಗಳವಾರ ಇನ್ನೂರ ಹತ್ತು, ಬುಧವಾರ ಇನ್ನೂರು. ಕೆಟ್ಟದ್ದು ಹತ್ತು. ಎರಡು ದಿನವೂ ಅವ್ವ ನನಗೆ ಶಾಲೆಗೆ ರಜೆ ಹಾಕಿಸಿದಳು. ಅದು ಬಹುಮಾನವೋ ಶಿಕ್ಷೆಯೋ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾಗದ ಇಡುವುದು, ತೆಗೆಯುವುದು, ಹಗ್ಗಕ್ಕೆ ಹಾಕುವುದು. ಒಂದೇ ಒಂದು ಸಲ, ಬುಧವಾರ ಮಧ್ಯಾಹ್ನ, ಹಲಗೆಯನ್ನು ನನ್ನ ಕೈಗೆ ಕೊಟ್ಟು ಎರಡು ಪತ್ರಿಕೆ ಎಳೆಯಲು ಬಿಟ್ಟಳು. ಒತ್ತು ಎಲ್ಲ ಕಡೆ ಒಂದೇ ಸಮ ಇರಬೇಕು ಎಂದು ಮೊಣಕೈ ಹಿಡಿದು ತೋರಿಸಿದಳು. ಕೆಟ್ಟ ಹತ್ತರಲ್ಲಿ ಆ ಎರಡೂ ಸೇರಿವೆ.

ಗುರುವಾರ ಹಾಲೇಶಪ್ಪ ಕಟ್ಟು ತೆಗೆದುಕೊಂಡು ಹೋದ ಮೇಲೆ ಅಪ್ಪ ಅಂಗಡಿಗೆ ಹೊರಟ. ಬೈಕಿನ ಕೀಲಿ ತೆಗೆದುಕೊಂಡವನು ಹೊಸ್ತಿಲ ಹತ್ತಿರ ನಿಂತು ತಿರುಗಿದ. ಅವ್ವ ಚೌಕಟ್ಟನ್ನು ಬಚ್ಚಲಿಗೆ ಒಯ್ಯುತ್ತಿದ್ದಳು, ಎರಡೂ ಕೈ ಮೊಣಕೈವರೆಗೆ ಕುಂಕುಮದ ಬಣ್ಣ.

“ಮಳಿಗಿಯವ್ರು ಇವತ್ತು ಕೇಳ್ತಾರೆ,” ಎಂದ. “ಬ್ಯಾಡ ಅಂತ ಹೇಳ್ಲಾ?”

“ಹೇಳ್ರಿ.”

“ಯಾಕೆ ಅಂತಾರೆ. ಅಮ್ಮ ಬ್ಯಾಡ ಅಂದ್ಳು ಅಂತೀನಿ, ಆಗ ಯಾರೂ ಮುಂದೆ ಕೇಳಂಗಿಲ್ಲ.”

ಪಡಸಾಲೆಯಿಂದ ಅಜ್ಜಿ ‘ಹೂಂ, ಹೇಳು ಹೇಳು’ ಎಂದಳು. ಅವ್ವ ಚೌಕಟ್ಟನ್ನು ಗೋಡೆಗೆ ಒರಗಿಸಿದಳು.

“ಅತ್ತಿ ಹೆಸರು ಯಾಕ್ರೀ? ಕರಿಬಸಮ್ಮ ಬ್ಯಾಡ ಅಂದ್ಳು ಅನ್ರಿ.”

ಅಪ್ಪ ಚಪ್ಪಲಿ ಮೆಟ್ಟಿ ಹೊರಗಿಳಿದ. ಆಮೇಲೆ ಬೈಕು ಶುರುವಾದ ಸದ್ದು, ಬಸ್ ನಿಲ್ದಾಣದ ಕಡೆಗೆ ತಿರುಗಿದ ಸದ್ದು ಕೇಳಿಸಿತು. ಅವ್ವ ಚೌಕಟ್ಟು ಎತ್ತಿಕೊಂಡು ಬಚ್ಚಲಿಗೆ ಹೋದಳು. ನೀರು ಬಿಡು ಎಂದು ನನ್ನನ್ನು ಕೂಗಿದಳು.